ರೆಮಿಷನ್ ಬಂತು, ಸ್ಟೆಮ್ ಸೆಲ್ ಎತ್ತಿಡಬೇಕಾ?

ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ, ಕೊಟ್ಟ ಕೀಮೋ ಫಲ ಕೊಟ್ಟಿದೆ, ರಿಪೋರ್ಟಿನಲ್ಲಿ ರೆಮಿಷನ್ ಅಂತ ಬಂದಿದೆ, ಮನೆಯವರಿಗೆಲ್ಲ ಹೋದ ಜೀವ ಬಂದಂತಾಗಿದೆ. ಅದರ ಬೆನ್ನಿಗೇ ಒಂದು ಯೋಚನೆ ಹುಟ್ಟುತ್ತದೆ. ಈಗ ರಕ್ತ ಚೆನ್ನಾಗಿದೆ, ಈಗಲೇ ಒಂದಷ್ಟು ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲ ಕೋಶ) ತೆಗೆದು ಫ್ರೀಜ್ ಮಾಡಿಟ್ಟರೆ ಹೇಗೆ? ಮುಂದೆ ಲ್ಯುಕೇಮಿಯಾ ಮರುಕಳಿಸಿದರೆ ಕಸಿಗೆ ನಮ್ಮದೇ ಸೆಲ್ ಇರುತ್ತದೆ, ದಾನಿಯನ್ನು ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ. ಇಟ್ಟರೆ ನಷ್ಟ ಏನು, ಅಲ್ವಾ?

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಸೆಲ್ ತುಂಬಿಟ್ಟ ಆ ಚೀಲವನ್ನು ಯಾವಾಗ, ಯಾತಕ್ಕೆ ಬಳಸುತ್ತೇವೆ ಅನ್ನುವುದು ಗೊತ್ತಿಲ್ಲದೆ ಸುಮ್ನೆ ಎತ್ತಿಡುವುದರಲ್ಲಿ ಅರ್ಥ ಕಡಿಮೆ. ಬಹಳಷ್ಟು ಬಗೆಯ ಲ್ಯುಕೇಮಿಯಾಗಳಲ್ಲಿ ಅದನ್ನು ಬಳಸುವ ಸಂದರ್ಭವೇ ಬರುವುದಿಲ್ಲ. ಕೆಲವದರಲ್ಲಿ ಮಾತ್ರ ನಿಜಕ್ಕೂ ಉಪಯೋಗವಿದೆ.

ರೆಮಿಷನ್ ಅಂದರೆ ಕಾಯಿಲೆ ಪೂರ್ತಿ ಹೋಯಿತು ಅಂತಲ್ಲ. ಮೈಕ್ರೋಸ್ಕೋಪಿನಲ್ಲಿ ಬೋನ್ ಮ್ಯಾರೋ (ರಕ್ತ ತಯಾರಾಗುವ ಮೂಳೆಮಜ್ಜೆ) ನೋಡಿದಾಗ ಬ್ಲಾಸ್ಟ್ ಅನ್ನುವ ಎಳೆಯ ಜೀವಕೋಶಗಳು ಶೇ. 5ಕ್ಕಿಂತ ಕಡಿಮೆ ಇವೆ, ರಕ್ತದ ಎಣಿಕೆ ಸುಧಾರಿಸಿದೆ, ಅಷ್ಟೇ. ಅಕ್ಯೂಟ್ ಲ್ಯುಕೇಮಿಯಾ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ ಸಾವಿರ ಕೋಟಿ ಉಳಿದಿರುತ್ತವೆ, ಆಗಲೂ ರಿಪೋರ್ಟ್ ರೆಮಿಷನ್ ಅಂತಲೇ ಹೇಳಬಹುದು. ಅದಕ್ಕೇ ಈಗ ಎಂಆರ್‌ಡಿ (ಅಳಿದುಳಿದ ಕ್ಯಾನ್ಸರ್ ಕೋಶ ಹುಡುಕುವ) ಪರೀಕ್ಷೆ ಮಾಡುತ್ತಾರೆ. ಫ್ಲೋ ಸೈಟೊಮೆಟ್ರಿ ಅನ್ನುವ, ಕೋಶಗಳನ್ನು ಒಂದೊಂದಾಗಿ ನೋಡುವ ತಂತ್ರದಲ್ಲಿ ಹತ್ತು ಸಾವಿರಕ್ಕೆ ಒಂದು ಕೆಟ್ಟ ಕೋಶ ಇದ್ದರೂ ಕಾಣುತ್ತದೆ. ಕಾಯಿಲೆಯನ್ನು ಗುರುತು ಹಿಡಿದು ಹುಡುಕಬಲ್ಲ ಜೀನ್ ಇದ್ದರೆ, ಅದನ್ನೇ ಹುಡುಕುವ ಪಿಸಿಆರ್ ಇನ್ನೂ ಆಳಕ್ಕೆ ಹೋಗಿ ಲಕ್ಷಕ್ಕೆ ಒಂದನ್ನೂ ಹಿಡಿಯುತ್ತದೆ.

ಸೆಲ್ ತೆಗೆಯುವುದು ಹೇಗೆ? ಸ್ಟೆಮ್ ಸೆಲ್‌ಗಳು ಸಾಮಾನ್ಯವಾಗಿ ಮ್ಯಾರೋ ಬಿಟ್ಟು ಹೊರಗೆ ಬರುವುದಿಲ್ಲ. ಜಿ-ಸಿಎಸ್‌ಎಫ್ ಇಂಜೆಕ್ಷನ್ ನಾಲ್ಕೈದು ದಿನ ಕೊಟ್ಟರೆ ಅವು ರಕ್ತಕ್ಕೆ ಇಳಿದು ಬರುತ್ತವೆ. ಆ ದಿನಗಳಲ್ಲಿ ಸೊಂಟ, ಬೆನ್ನಿನ ಮೂಳೆಗಳಲ್ಲಿ ಒಳಗಿನಿಂದ ನೋವು. ಆಮೇಲೆ ಎಫೆರೆಸಿಸ್ ಯಂತ್ರದ ಪಕ್ಕ ಮೂರ್ನಾಲ್ಕು ಗಂಟೆ ಮಲಗಬೇಕು. ಒಂದು ಕಡೆಯಿಂದ ರಕ್ತ ಹೋಗುತ್ತದೆ, ಯಂತ್ರ ಅದನ್ನು ಗಿರಗಿರ ತಿರುಗಿಸಿ ಬೇಕಾದ ಪದರವನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಸಿಟ್ರೇಟ್ ಮೈಯಲ್ಲಿನ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ತುಟಿ, ಬೆರಳ ತುದಿ ಜುಮುಜುಮು ಅನ್ನುತ್ತವೆ. ನರ್ಸ್ ಕ್ಯಾಲ್ಸಿಯಂ ಕೊಟ್ಟರೆ ಹೋಗುತ್ತದೆ. ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಕೋಶಗಳು (ಸ್ಟೆಮ್ ಸೆಲ್‌ನ ಗುರುತು ಹೊತ್ತವು) ಸಿಕ್ಕರೆ ಒಂದು ಕಸಿಗೆ ಸಾಕು ಅನ್ನುವುದು ಲೆಕ್ಕ. ಸಿಕ್ಕಿದ್ದಕ್ಕೆ, ಫ್ರೀಜ್ ಆಗುವಾಗ ಕೋಶ ಒಡೆಯದಂತೆ ಕಾಯುವ ಡಿಎಂಎಸ್‌ಒ ಬೆರೆಸಿ, ನಿಮಿಷಕ್ಕೆ ಒಂದೊಂದೇ ಡಿಗ್ರಿ ತಣ್ಣಗೆ ಮಾಡುತ್ತಾ ಬಂದು, ಕೊನೆಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಟ್ಯಾಂಕಿಗೆ ಇಳಿಸುತ್ತಾರೆ. ಹತ್ತು ವರ್ಷ ದಾಟಿದ ಚೀಲಗಳಿಂದಲೂ ಮ್ಯಾರೋ ಮತ್ತೆ ಚಿಗುರಿದೆ. ಹಾಗಾಗಿ ಸೆಲ್ ಹಾಳಾಗುತ್ತದೆ ಅನ್ನುವ ಭಯ ದೊಡ್ಡದಲ್ಲ.

ಭಯ ಇರುವುದು ಬೇರೆ ಕಡೆ. ಚೀಲದಲ್ಲಿ ಕಾಯಿಲೆಯೂ ಸೇರಿಕೊಂಡಿದ್ದರೆ? ಬಿತ್ತನೆಗೆ ಅಂತ ಎತ್ತಿಟ್ಟ ಕಾಳಿನಲ್ಲಿ ಕಳೆಬೀಜ ಬೆರೆತಿದ್ದ ಹಾಗೆ. ಇದು ಬರೀ ಊಹೆಯಲ್ಲ. 1993ರಲ್ಲಿ ಸಂಶೋಧಕ ಮಾಲ್ಕಮ್ ಬ್ರೆನ್ನರ್ ಮತ್ತು ಸಂಗಡಿಗರು ಒಂದು ಜಾಣ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎಎಂಎಲ್ (ಅಕ್ಯೂಟ್ ಲ್ಯುಕೇಮಿಯಾದ ಒಂದು ಬಗೆ) ಇದ್ದ ಮಕ್ಕಳಿಂದ ರೆಮಿಷನ್‌ನಲ್ಲಿ ಮ್ಯಾರೋ ತೆಗೆದು, ಅದರ ಒಂದಷ್ಟು ಕೋಶಗಳೊಳಗೆ ಗುರುತಿಗಾಗಿ ಒಂದು ಜೀನ್ ಸೇರಿಸಿ, ಅವರಿಗೇ ವಾಪಸ್ ಕೊಟ್ಟಿದ್ದರು. ಕೆಲವರಿಗೆ ಕಾಯಿಲೆ ಮರುಕಳಿಸಿತು. ಆ ಹೊಸ ಕ್ಯಾನ್ಸರ್ ಕೋಶಗಳನ್ನು ಪರೀಕ್ಷಿಸಿದರೆ ಒಳಗೆ ಅದೇ ಗುರುತು! ಮೈಯಲ್ಲಿ ಅಡಗಿ ಉಳಿದದ್ದು ಮಾತ್ರವಲ್ಲ, ನಾವೇ ಮರಳಿ ಹಾಕಿದ ಮ್ಯಾರೋದಿಂದಲೂ ಲ್ಯುಕೇಮಿಯಾ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನೊಂದು ಕೊರತೆಯೂ ಇದೆ, ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ದಾನಿಯ ಸ್ಟೆಮ್ ಸೆಲ್ ಹಾಕಿದಾಗ ಅವರ ರೋಗನಿರೋಧಕ ಕೋಶಗಳೂ ಜೊತೆಗೆ ಬರುತ್ತವೆ, ಅವು ಉಳಿದ ಲ್ಯುಕೇಮಿಯಾ ಕೋಶಗಳನ್ನು ಪರಕೀಯ ಅಂತ ಗುರುತಿಸಿ ಕೊಲ್ಲುತ್ತವೆ. ತದ್ರೂಪಿ ಅವಳಿಯಿಂದ ಪಡೆದವರಲ್ಲಿ ಕಾಯಿಲೆ ಮರುಕಳಿಸುವುದು ಹೊಂದಾಣಿಕೆಯಾದ ಅಣ್ಣತಮ್ಮ ಅಕ್ಕತಂಗಿಯರಿಂದ ಪಡೆದವರಿಗಿಂತ ಜಾಸ್ತಿ ಅನ್ನುವುದು ಗೊತ್ತಾದಾಗ ಈ ಗುಟ್ಟು ಸ್ಪಷ್ಟವಾಯಿತು. ಅವಳಿಯ ಮ್ಯಾರೋದಲ್ಲಿ ಕ್ಯಾನ್ಸರ್ ಇಲ್ಲ, ಆದರೆ ಜಗಳವಾಡುವ ಗುಣವೂ ಇಲ್ಲ. ನಮ್ಮದೇ ಸೆಲ್‌ಗೂ ಆ ಗುಣವಿಲ್ಲ, ಎಷ್ಟೇ ಶುದ್ಧವಾಗಿರಲಿ. ದಾನಿಯ ಕೋಶಗಳು ನಮ್ಮ ಚರ್ಮ, ಕರುಳು, ಲಿವರ್ ಮೇಲೂ ಎರಗಬಹುದು, ಅದಕ್ಕೇ ಆ ಕಸಿ ಹೆಚ್ಚು ಅಪಾಯದ್ದು. ಸ್ವಂತ ಸೆಲ್‌ನಲ್ಲಿ ಆ ತೊಂದರೆ ಇಲ್ಲ. ಒಂದು ಬೇಕು ಅಂದರೆ ಇನ್ನೊಂದು ಬಿಡಬೇಕು.

ಸಮಯದ ಗೊಂದಲ ಬೇರೆ. ಬೇಗ ತೆಗೆದರೆ ಸೆಲ್ ಧಾರಾಳವಾಗಿ ಸಿಗುತ್ತದೆ, ಆದರೆ ಕಾಯಿಲೆ ಬೆರೆತಿರುವ ಸಾಧ್ಯತೆ ಹೆಚ್ಚು. ಇನ್ನೆರಡು ಸುತ್ತು ಕೀಮೋ ಆಗಲಿ, ಸ್ವಚ್ಛವಾಗಲಿ ಅಂತ ಕಾದರೆ ಮ್ಯಾರೋ ಸೋತಿರುತ್ತದೆ, ಇಂಜೆಕ್ಷನ್ ಕೊಟ್ಟರೂ ಸೆಲ್ ಸಾಕಷ್ಟು ಇಳಿಯದಿರಬಹುದು.

ಹಾಗಾದರೆ ಯಾರಿಗೆ ಇದು ಸರಿ? ಎಪಿಎಲ್ ಅನ್ನುವ ಬಗೆ ಒಳ್ಳೆಯ ಉದಾಹರಣೆ. ಆಟ್ರಾ ಅನ್ನುವ ಔಷಧಿ ಮತ್ತು ಆರ್ಸೆನಿಕ್‌ನಿಂದ ಬಹುತೇಕರು ವಾಸಿಯಾಗುತ್ತಾರೆ. ಮರುಕಳಿಸಿದ ಕೆಲವರು ಎರಡನೇ ರೆಮಿಷನ್‌ಗೆ ಬಂದು, ಪಿಸಿಆರ್‌ನಲ್ಲೂ ಏನೂ ಸಿಗದಿದ್ದರೆ, ಸ್ವಂತ ಸೆಲ್ ತೆಗೆದು ಕಸಿ ಮಾಡುವುದು ಒಪ್ಪಿತ ದಾರಿ. ಗಮನಿಸಿ, ಅಲ್ಲಿ ಮುಂದೆಂದೋ ಬೇಕಾದೀತು ಅಂತ ಇಡುವುದಿಲ್ಲ, ಬಳಸುವುದಕ್ಕೆಂದೇ ತೆಗೆಯುತ್ತಾರೆ. ಎಂಆರ್‌ಡಿ ಕಾಣದ, ಅಪಾಯ ಕಡಿಮೆಯಿರುವ ಕೆಲವು ಎಎಂಎಲ್ ರೋಗಿಗಳಿಗೂ ಇದು ಒಂದು ಆಯ್ಕೆ. ವಯಸ್ಕರಲ್ಲಿ, ಅಕ್ಯೂಟ್ ಲ್ಯುಕೇಮಿಯಾದ ಇನ್ನೊಂದು ಬಗೆಯಾದ ಎಎಲ್‌ಎಲ್‌ನಲ್ಲಿ ಮಾತ್ರ ಸ್ವಂತ ಸೆಲ್ ಕಸಿ ಕೀಮೋ ಮುಂದುವರಿಸುವುದಕ್ಕಿಂತ ಒಳ್ಳೆಯ ಫಲ ಕೊಡಲಿಲ್ಲ.

ನಿಧಾನವಾಗಿ ಬೆಳೆಯುವ ಲ್ಯುಕೇಮಿಯಾ ಸಿಎಂಎಲ್ ಕಥೆ ಸ್ವಾರಸ್ಯಕರ. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದಾಗ ಎಷ್ಟೋ ರೋಗಿಗಳ ಮ್ಯಾರೋದಲ್ಲಿ ಆ ಕಾಯಿಲೆಯ ಗುರುತಾದ ಫಿಲಡೆಲ್ಫಿಯಾ ಕ್ರೋಮೋಸೋಮ್ ಕಾಣದಂತಾಯಿತು. ಮಾತ್ರೆ ಎಷ್ಟು ವರ್ಷ ಕೆಲಸ ಮಾಡುತ್ತದೋ ಯಾರಿಗೂ ಖಾತ್ರಿಯಿರಲಿಲ್ಲ. ಸ್ವಚ್ಛವಾಗಿರುವಾಗಲೇ ಎತ್ತಿಡೋಣ ಅಂತ ಕೆಲವು ಕಡೆ ಸೆಲ್ ತೆಗೆದಿಟ್ಟರು, ಆ ಹೊತ್ತಿಗೆ ಅದು ತಪ್ಪು ಲೆಕ್ಕವೇನಲ್ಲ. ಆದರೆ 2006ರಲ್ಲಿ ಡಾಸಾಟಿನಿಬ್, 2007ರಲ್ಲಿ ನಿಲೋಟಿನಿಬ್ ಬಂದವು, ಒಂದು ಮಾತ್ರೆ ಸೋತರೆ ಇನ್ನೊಂದಿತ್ತು, ಟ್ಯಾಂಕಿನಲ್ಲಿದ್ದ ಚೀಲಗಳ ಅಗತ್ಯವೇ ಹೆಚ್ಚಿನವರಿಗೆ ಬೀಳಲಿಲ್ಲ.

ಇತ್ತೀಚೆಗೆ ಎತ್ತಿಡುವ ವಸ್ತುವೇ ಬದಲಾಗುತ್ತಿದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕಾರ್-ಟಿ ಚಿಕಿತ್ಸೆಗೆ ರೋಗಿಯದೇ ಟಿ-ಸೆಲ್ (ರೋಗನಿರೋಧಕ ಕೋಶ) ಬೇಕು, ಅವುಗಳಿಗೆ ಕ್ಯಾನ್ಸರ್ ಕೋಶ ಗುರುತಿಸುವ ಜೀನ್ ಸೇರಿಸಿ ಮರಳಿ ಹಾಕುತ್ತಾರೆ. ಕೀಮೋ ಮೇಲೆ ಕೀಮೋ ಆದಷ್ಟೂ ಅವು ನಿತ್ರಾಣವಾಗುತ್ತವೆ. ಹಾಗಾಗಿ ಅಪಾಯ ಹೆಚ್ಚಿರುವ ಎಎಲ್‌ಎಲ್ ರೋಗಿಗಳಲ್ಲಿ ಟಿ-ಸೆಲ್‌ಗಳನ್ನು ಬೇಗನೇ ತೆಗೆದಿಡುವುದು ನನಗೆ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ಕಲಬೆರಕೆಯ ಕಾಟ ಅಲ್ಲೂ ತಪ್ಪಿದ್ದಲ್ಲ. 2018ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ, ತಯಾರಿಕೆಯ ವೇಳೆ ಒಂದೇ ಒಂದು ಲ್ಯುಕೇಮಿಯಾ ಕೋಶದೊಳಗೂ ಆ ಜೀನ್ ಹೊಕ್ಕು, ಅದು ಟಿ-ಸೆಲ್‌ಗಳ ಕಣ್ಣಿಗೆ ಬೀಳದಂತಾಗಿ, ಕಾಯಿಲೆ ಮರುಕಳಿಸಿ ರೋಗಿ ತೀರಿಕೊಂಡರು.

ಸ್ವಂತ ಚೀಲಕ್ಕೆ ಇನ್ನೊಂದು ಕೆಲಸವಿದೆ. ಅರ್ಧ ಹೊಂದಾಣಿಕೆಯ ದಾನಿಯಿಂದ ಪಡೆದ ಕಸಿ ಹಿಡಿಯದೇ ಹೋದರೆ ರಕ್ತವೇ ತಯಾರಾಗದ ಸ್ಥಿತಿ ಬರುತ್ತದೆ. ಆಗ ಜೀವ ಉಳಿಸುವುದು ಮೊದಲು, ಲ್ಯುಕೇಮಿಯಾ ಮಾತು ಆಮೇಲೆ. ಅಂಥ ಸಂದರ್ಭಕ್ಕೆ ಅಂತ ಕೆಲವು ಕೇಂದ್ರಗಳು ರೋಗಿಯ ಸೆಲ್ ತೆಗೆದಿಡುತ್ತವೆ.

ವೈದ್ಯರು ಇಡೋಣ ಅಂದರೆ ಎರಡು ವಿಷಯ ಬಿಡಿಸಿ ಕೇಳಿ: ತೆಗೆಯುವ ಮುಂಚಿನ ಎಂಆರ್‌ಡಿ ಎಷ್ಟು, ಮತ್ತು ಕಾಯಿಲೆ ಮರುಕಳಿಸಿದರೆ ಈ ಚೀಲವನ್ನು ನೀವು ನಿಜಕ್ಕೂ ಬಳಸುತ್ತೀರಾ ಅಥವಾ ದಾನಿಯ ಕಡೆಗೇ ಹೋಗುತ್ತೀರಾ. ದಾನಿ ಅನ್ನುವುದೇ ಉತ್ತರವಾದರೆ ಹುಡುಕಾಟವನ್ನು ಈಗಲೇ ಶುರು ಮಾಡಬಹುದು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ಶೇ. 25, ಹೆತ್ತವರು ಮತ್ತು ಮಕ್ಕಳು ಹೇಗಿದ್ದರೂ ಅರ್ಧ ಹೊಂದುತ್ತಾರೆ, ಜಗತ್ತಿನ ದಾನಿ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ಜನ ಇದ್ದಾರೆ. ಎಚ್‌ಎಲ್‌ಎ (ಹೊಂದಾಣಿಕೆ ನೋಡುವ) ಪರೀಕ್ಷೆಗೆ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿದರೆ ಸಾಕು, ರೆಮಿಷನ್ ಮುಗಿಯುವವರೆಗೆ ಕಾಯಬೇಕಿಲ್ಲ.