ಗಂಡಿಲಿಗಳ ಹೊಟ್ಟೆ ಉಬ್ಬಿದಾಗ

ತೊಂಬತ್ತರ ದಶಕದ ನಡುವಿನ ಮಾತು. ಸ್ಯಾನ್ ಫ್ರಾನ್ಸಿಸ್ಕೊದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ ಶಿನ್ಯಾ ಯಮನಕ ಎಂಬ ಜಪಾನಿನ ತರುಣ ವೈದ್ಯರು ಪೋಸ್ಟ್‌ಡಾಕ್ (ಡಾಕ್ಟರೇಟ್ ಮುಗಿಸಿದ ಸಂಶೋಧಕ) ಆಗಿ ದುಡಿಯುತ್ತಿದ್ದರು. ರಕ್ತದ ಕೊಲೆಸ್ಟರಾಲ್ ತಗ್ಗೀತೆಂಬ ಆಸೆಯಿಂದ ಒಂದು ವಂಶವಾಹಿಯನ್ನು ಇಲಿಗಳ ಯಕೃತ್ತಿನಲ್ಲಿ ವಿಪರೀತ ಚುರುಕಾಗಿಸಿ ಕಾಯುತ್ತಿದ್ದರು. ಒಂದು ಬೆಳಿಗ್ಗೆ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕಿ ಬಂದು, ನಿಮ್ಮ ಇಲಿಗಳು ಗಬ್ಬವಾಗಿವೆ ಎಂದರು. ಇಲಿ ಗಬ್ಬವಾಗುವುದರಲ್ಲಿ ಏನು ವಿಶೇಷ? ಆದರೆ ಅವೆಲ್ಲ ಗಂಡಿಲಿಗಳು ಎಂದು ಆಕೆ ಮಾತು ಮುಂದುವರಿಸಿದರು.

ಹೊಟ್ಟೆ ಬಿಡಿಸಿ ನೋಡಿದರೆ ಒಳಗೆ ಇದ್ದದ್ದು ಗೆಡ್ಡೆಗಳು ತುಂಬಿ ಊದಿಕೊಂಡ ಯಕೃತ್ತು. ಮದ್ದಾಗಬೇಕಿದ್ದ ವಂಶವಾಹಿ ಕ್ಯಾನ್ಸರ್ ತಂದಿಟ್ಟಿತ್ತು. ಹೀಗೇಕಾಯಿತು ಎಂದು ಹುಡುಕುತ್ತ ಹೋದ ಯಮನಕರಿಗೆ ನ್ಯಾಟ್1 ಎಂಬ ಹೊಸ ವಂಶವಾಹಿ ಸಿಕ್ಕಿತು. ಭ್ರೂಣದ ಆಕರಕೋಶಗಳು (ಸ್ಟೆಮ್ ಸೆಲ್) ಎಂದರೆ ಮೈಯ ಯಾವ ಬಗೆಯ ಕೋಶವಾಗಿಯಾದರೂ ಬೆಳೆಯಬಲ್ಲ ಕೋಶಗಳು. ನ್ಯಾಟ್1 ತೆಗೆದುಹಾಕಿದಾಗ ಅವು ಬೇರೆ ಬಗೆಯ ಕೋಶಗಳಾಗಿ ಬೆಳೆಯಲಾರದೆ ಹೋದವು. ಕೊಲೆಸ್ಟರಾಲ್ ಹಿಂದೆ ಹೊರಟಿದ್ದವರು ಆಕರಕೋಶದ ಬೆನ್ನು ಹತ್ತಿದ್ದು ಹೀಗೆ. ಆ ದಾರಿ ಅವರನ್ನು 2012ರ ನೊಬೆಲ್ ಪ್ರಶಸ್ತಿಯವರೆಗೆ ಕರೆದೊಯ್ದಿತು. ಗಂಡಿಲಿಗಳ ಈ ಪ್ರಸಂಗವನ್ನು ಯಮನಕರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಇದರಲ್ಲಿ ನನ್ನ ಕಣ್ಣು ಹೋಗುವುದು ಆ ಸಹಾಯಕಿಯ ಕಡೆಗೆ. ಪ್ರಯೋಗದ ಯೋಜನೆಯಲ್ಲಿ ಹೊಟ್ಟೆಯ ಗಾತ್ರಕ್ಕೆ ಜಾಗವಿರಲಿಲ್ಲ, ಅಳೆಯಬೇಕಾದದ್ದು ರಕ್ತದ ಕೊಬ್ಬು. ಪಂಜರಗಳನ್ನು ದಿನವೂ ನೋಡುತ್ತಿದ್ದವರಿಗೆ ಮಾತ್ರ ಯಾವ ಇಲಿ ನಿನ್ನೆಯಂತೆ ಇಲ್ಲ ಎಂಬುದು ಗೊತ್ತಾಗುತ್ತದೆ.

ವಿಶ್ವವಿದ್ಯಾಲಯದ ಕೋಶವಿಜ್ಞಾನ ಪ್ರಯೋಗಾಲಯದ ಬಾಗಿಲ ಮೇಲೆ ಸಾಮಾನ್ಯವಾಗಿ ಒಬ್ಬರದೇ ಹೆಸರಿರುತ್ತದೆ. ಒಳಗೆ ಹೋದರೆ ಹತ್ತು ಹನ್ನೆರಡು ಮಂದಿ. ಇಷ್ಟು ಜನ ಯಾಕೆ ಎಂಬುದಕ್ಕೆ ಉತ್ತರ ಕೋಶದಲ್ಲಿಯೇ ಇದೆ. ಮೈಯಿಂದ ಹೊರಗೆ ತಂದು ತಟ್ಟೆಯಲ್ಲಿ ಬೆಳೆಸುವ ಕೋಶಕ್ಕೆ 37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸುತ್ತಲ ಗಾಳಿಯಲ್ಲಿ ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಬೇಕು, ಎರಡು ಮೂರು ದಿನಕ್ಕೊಮ್ಮೆ ಹೊಸ ಆಹಾರದ್ರವ ಬೇಕು. ಭ್ರೂಣದ ಆಕರಕೋಶಗಳಿಗಂತೂ ಅದನ್ನು ದಿನಾಲೂ ಬದಲಿಸಬೇಕು. ಚುರುಕಾಗಿ ಬೆಳೆಯುವ ಕೋಶಗಳು ಒಂದೇ ದಿನದಲ್ಲಿ ಇಮ್ಮಡಿಯಾಗುತ್ತವೆ. ತಟ್ಟೆ ತುಂಬಿತೆಂದರೆ ಅವನ್ನು ಬಿಡಿಸಿ ಬೇರೆ ತಟ್ಟೆಗಳಿಗೆ ಹಂಚಬೇಕು. ಹಸು ಕಟ್ಟಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಲು ಕರೆಯುವ ಕೆಲಸಕ್ಕೆ ಭಾನುವಾರ ಎಂಬುದಿಲ್ಲ.

ನಾನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದಾಗ ನನಗೆ ಕೋಶ ಸಾಕುವುದನ್ನು ಕಲಿಸಿದವರು ನಮ್ಮ ಟೆಕ್ನೀಷಿಯನ್. ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಆಹಾರದ್ರವಕ್ಕೆ ಬಣ್ಣ ಕೊಡುವ ಫೀನಾಲ್ ರೆಡ್ ಎಂಬ ವಸ್ತುವಿದೆ. ದ್ರವ ಹೊಸದಾಗಿದ್ದಾಗ ಅದು ಕೆಂಪಗಿರುತ್ತದೆ. ಕೋಶಗಳು ಉಂಡು ಆಮ್ಲ ಬಿಟ್ಟಂತೆ ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಅಕ್ಕ ಫ್ಲಾಸ್ಕನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಸೂಕ್ಷ್ಮದರ್ಶಕದ ಹತ್ತಿರಕ್ಕೂ ಹೋಗದೆ, ಇದಕ್ಕೆ ಹಸಿವಾಗಿದೆ ಎನ್ನುತ್ತಿದ್ದರು. ಎರಡನೆಯ ವಾರದಲ್ಲಿ ನನ್ನ ಫ್ಲಾಸ್ಕ್ ಒಂದೇ ರಾತ್ರಿಗೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ ಮಬ್ಬಾಗಿತ್ತು. ಹಸಿವಿನ ಹಳದಿಯಲ್ಲಿ ದ್ರವ ತಿಳಿಯಾಗಿರುತ್ತದೆ, ಬ್ಯಾಕ್ಟೀರಿಯಾ ಹೊಕ್ಕರೆ ಮಬ್ಬಾಗುತ್ತದೆ. ಅಕ್ಕ ಬೈಯಲಿಲ್ಲ. ಬ್ಲೀಚ್ ಸುರಿಸಿ ಅದನ್ನು ಚೆಲ್ಲಿಸಿದರು, ಕೋಶದ ಕೆಲಸಕ್ಕೆಂದೇ ಇರುವ ಹುಡ್ ಎಂಬ ಗಾಜಿನ ಗೂಡಿನ ಮುಂದೆ ಕೂರಿಸಿ ಮತ್ತೊಮ್ಮೆ ಮಾಡು ಎಂದರು. ನಾನು ಮುಚ್ಚಳ ತೆಗೆದು ಪಿಪೆಟ್ ಎತ್ತಿಕೊಳ್ಳುವಾಗ ಮಣಿಕಟ್ಟು ಹಿಡಿದು ನಿಲ್ಲಿಸಿದರು. ನನ್ನ ತೋಳು ತೆರೆದ ಬಾಟಲಿಯ ಮೇಲೆ ಹಾಯುತ್ತಿತ್ತು. ಮೇಲಿಂದ ಬೀಸುವ ಶುದ್ಧ ಗಾಳಿ ತೋಳಿಗೆ ತಾಗಿ, ಅದರ ಮೇಲಿದ್ದದ್ದನ್ನೆಲ್ಲ ಬಾಟಲಿಯೊಳಕ್ಕೆ ಇಳಿಸುತ್ತಿತ್ತು. ಕೈಪಿಡಿಯಲ್ಲಿ ಈ ಮಾತು ಇದ್ದೇ ಇರುತ್ತದೆ, ನಾನೂ ಓದಿದ್ದೆ. ಅದು ಮೈಗೆ ಹತ್ತಿದ್ದು ಮಾತ್ರ ಆ ಹಿಡಿತದಿಂದ.

ಪ್ರಯೋಗಾಲಯದ ಮುಖ್ಯಸ್ಥರನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗೈಡ್ ಎನ್ನುವುದು ವಾಡಿಕೆ. ಅವರು ಪಿಪೆಟ್ ಹಿಡಿದು ಎಷ್ಟೋ ವರ್ಷಗಳಾಗಿರುತ್ತವೆ. ಅನುದಾನಕ್ಕೆ ಅರ್ಜಿ ಬರೆಯುವುದು, ಪಾಠ ಮಾಡುವುದು, ವಿದ್ಯಾರ್ಥಿಗಳ ಕರಡು ತಿದ್ದುವುದು, ಸೋತ ಪ್ರಯೋಗಕ್ಕೆ ಅರ್ಥ ಹುಡುಕುವುದು ಅವರ ದಿನಚರಿ. ಬೆಂಚಿನ ಮುಂದೆ ನಿಲ್ಲುವವರು ಪಿಎಚ್‌.ಡಿ ವಿದ್ಯಾರ್ಥಿಗಳು ಮತ್ತು ಪೋಸ್ಟ್‌ಡಾಕ್‌ಗಳು. ವಿದ್ಯಾರ್ಥಿ ಐದಾರು ವರ್ಷ ಇರುತ್ತಾನೆ. ನಮ್ಮಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊ) ಆಗಿ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೊ) ಆಗಿ 42,000 ರೂಪಾಯಿ. ಇವು 2023ರಲ್ಲಿ ಪರಿಷ್ಕರಿಸಿದ ದರಗಳು. ಪೋಸ್ಟ್‌ಡಾಕ್ ಎರಡು ಮೂರು ವರ್ಷ ಇದ್ದು ಸ್ವಂತ ಪ್ರಯೋಗಾಲಯ ಸಿಗುವ ಊರಿಗೆ ಹೊರಡುತ್ತಾರೆ. ಹೀಗೆ ಬಂದು ಹೋಗುವವರ ನಡುವೆ, ಹೋದ ವರ್ಷ ಆಹಾರದ್ರವಕ್ಕೆ ಬೆರೆಸಿದ ಯಾವ ಕಂಪನಿಯ ಸೀರಮ್‌ನಲ್ಲಿ (ರಕ್ತದ ತಿಳಿಯಲ್ಲಿ) ಕೋಶಗಳು ಸತ್ತವು, ಕೋಶಗಳನ್ನು ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕದ ಪೀಪಾಯಿಯಲ್ಲಿ ಯಾವ ಟ್ಯೂಬು ಯಾವ ಅರೆಯಲ್ಲಿದೆ ಎಂಬುದನ್ನು ನೆನಪಿಟ್ಟಿರುವವರು ಟೆಕ್ನೀಷಿಯನ್ ಮಾತ್ರ.

ಯಮನಕರಿಗೆ ಇದು ಕಷ್ಟಪಟ್ಟು ತಿಳಿದ ವಿಷಯ. ಅಮೆರಿಕದಿಂದ ಒಸಾಕಕ್ಕೆ ಮರಳಿದ ಮೇಲೆ ಅವರಿಗೆ ನೆರವಿನ ಕೈಗಳಿರಲಿಲ್ಲ. ನೂರಾರು ಇಲಿಗಳ ಪಂಜರಗಳನ್ನು ತಾವೇ ತೊಳೆಯುತ್ತ ದಿನ ಕಳೆದರು. ಮನಸ್ಸು ಕುಗ್ಗಿ, ಸಂಶೋಧನೆಯನ್ನೇ ಬಿಟ್ಟು ಶಸ್ತ್ರಚಿಕಿತ್ಸೆಗೆ ಮರಳುವ ಅಂಚಿಗೆ ಬಂದಿದ್ದರು. ಅವರನ್ನು ಉಳಿಸಿದ್ದು 1999ರಲ್ಲಿ ನಾರಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಿಕ್ಕ ಸ್ವಂತ ಪ್ರಯೋಗಾಲಯ. ಹೆಸರಿಲ್ಲದ ಹೊಸ ಪ್ರಾಧ್ಯಾಪಕರ ಬಳಿಗೆ ವಿದ್ಯಾರ್ಥಿಗಳು ಬರಬೇಕಲ್ಲ? ಅದಕ್ಕಾಗಿ ದೊಡ್ಡದೊಂದು ಕನಸನ್ನು ಮುಂದಿಟ್ಟರು: ಬೆಳೆದು ನಿಂತ ಮೈಕೋಶವನ್ನು ಹಿಂದಕ್ಕೆ ತಿರುಗಿಸಿ, ಭ್ರೂಣದ ಆಕರಕೋಶದಂತೆ ಮಾಡುವುದು. ಆ ಕನಸಿಗೆ ಕೈಜೋಡಿಸಿದವರಲ್ಲಿ ಯೋಶಿಮಿ ತೊಕುಜಾವಾ, ಕಜುತೋಶಿ ತಕಹಾಶಿ ಎಂಬ ವಿದ್ಯಾರ್ಥಿಗಳು ಮತ್ತು ತೊಮೊಕೊ ಇಚಿಸಾಕ ಎಂಬ ಟೆಕ್ನೀಷಿಯನ್ ಇದ್ದರು. ಈ ಮೂವರ ಹೆಸರನ್ನು ಯಮನಕರು ಆಮೇಲೆಯೂ ಮರೆಯದೆ ಹೇಳುತ್ತ ಬಂದಿದ್ದಾರೆ.

ತೊಕುಜಾವಾ ಅವರ ಪಾಲಿಗೆ ಬಂದದ್ದು ಎಫ್‌ಬಿಎಕ್ಸ್15 ಎಂಬ ವಂಶವಾಹಿ. ಅದು ಆಕರಕೋಶಗಳಲ್ಲಿ ಎದ್ದು ಕಾಣುವಷ್ಟು ಚುರುಕು. ಆದ್ದರಿಂದ ಅದನ್ನು ಕೆಡಿಸಿದರೆ ಏನೋ ದೊಡ್ಡ ಎಡವಟ್ಟಾಗಬೇಕೆಂಬ ನಿರೀಕ್ಷೆಯಿತ್ತು. ಕೆಡಿಸಿದ ಇಲಿಗಳು ಆರೋಗ್ಯವಾಗಿಯೇ ಹುಟ್ಟಿ ಬೆಳೆದವು. ವಂಶವಾಹಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ದುಡಿದ ವಿದ್ಯಾರ್ಥಿಗೆ ಇಂಥ ಉತ್ತರ ಎಷ್ಟು ಭಾರವೆಂಬುದು ಬೆಂಚಿನ ಮುಂದೆ ನಿಂತವರಿಗೆ ಗೊತ್ತು. ಆದರೆ ಆ ಇಲಿಗಳಲ್ಲಿ ಒಂದು ಗುಣ ಉಳಿದುಕೊಂಡಿತ್ತು. ಎಫ್‌ಬಿಎಕ್ಸ್15ರ ಜಾಗದಲ್ಲಿ ಕೂರಿಸಿದ್ದು ವಿಷದಂಥ ಔಷಧಿಯೊಂದನ್ನು ತಾಳಿಕೊಳ್ಳುವ ವಂಶವಾಹಿ. ಆ ಜಾಗ ಎಚ್ಚರಗೊಳ್ಳುವುದು ಆಕರಕೋಶದಲ್ಲಿ ಮಾತ್ರ. ಹಾಗಾಗಿ ಈ ಇಲಿಯ ಸಾಧಾರಣ ಕೋಶಗಳಿಗೆ ಔಷಧಿ ಹಾಕಿದರೆ ಸಾಯುತ್ತವೆ, ಆಕರಕೋಶದಂತೆ ಬದಲಾದವು ಮಾತ್ರ ಬದುಕುತ್ತವೆ. ನಿರಾಶೆಯ ಆ ಯೋಜನೆಯಿಂದಲೇ ಪ್ರಯೋಗಾಲಯದ ಕೈಗೆ ಒಂದು ಜರಡಿ ಸಿಕ್ಕಿತ್ತು.

ಆ ಹೊತ್ತಿಗೆ, ಮೈಕೋಶವನ್ನು ಹಿಂದಕ್ಕೆ ತಿರುಗಿಸಬಹುದೆಂದು ಅನಿಸಿದ 24 ವಂಶವಾಹಿಗಳ ಪಟ್ಟಿ ತಯಾರಾಗಿತ್ತು. ತಕಹಾಶಿ ಅವನ್ನು ಒಂದೊಂದಾಗಿ ಕೋಶಗಳಿಗೆ ಸೇರಿಸಿ ನೋಡಿದರು. ಏನೂ ಆಗಲಿಲ್ಲ. ಎರಡೆರಡನ್ನು ಜೋಡಿಸಿ ನೋಡೋಣವೆಂದರೆ 276 ಜೋಡಿಗಳು, ಮೂರು ಮೂರಾದರೆ 2,024, ನಾಲ್ಕು ನಾಲ್ಕಾದರೆ 10,626. ಒಂದು ಜನ್ಮಕ್ಕೆ ಮುಗಿಯುವ ಕೆಲಸವಲ್ಲ. ತಕಹಾಶಿ ಎಲ್ಲ 24ನ್ನೂ ಒಟ್ಟಿಗೇ ಸೇರಿಸಿಬಿಟ್ಟರು, ತಟ್ಟೆಯಲ್ಲಿ ಔಷಧಿಗೂ ಸಾಯದ ಕೋಶಗಳ ಗುಂಪುಗಳು ಎದ್ದವು. ಮುಂದೇನು ಎಂದಾಗ ಒಂದೊಂದನ್ನೇ ಬಿಟ್ಟು ಉಳಿದ 23ನ್ನು ಸೇರಿಸುವ ದಾರಿಯನ್ನು ಹೇಳಿದವರೂ ಅವರೇ. ಯಾವುದನ್ನು ಬಿಟ್ಟಾಗ ಗುಂಪು ಏಳುವುದಿಲ್ಲವೋ ಅದು ಬೇಕೇ ಬೇಕು. ಸಾವಿರಾರು ತಟ್ಟೆಗಳ ಲೆಕ್ಕ 24ಕ್ಕೆ ಇಳಿಯಿತು. ಸೋಸುತ್ತ ಸೋಸುತ್ತ ನಾಲ್ಕು ಉಳಿದವು: ಆಕ್ಟ್3/4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ತಕಹಾಶಿ ಎಂಜಿನಿಯರಿಂಗ್ ಓದಿ ಬಂದವರು, ಅದಕ್ಕೇ ಇಂಥ ಯೋಚನೆ ಹೊಳೆದಿರಬೇಕು ಎಂದು ಯಮನಕರು ಮೆಚ್ಚಿ ನುಡಿದಿದ್ದಾರೆ. ಒಂದೇ ಬಗೆಯ ಓದು ಓದಿದವರನ್ನೇ ತುಂಬಿಕೊಳ್ಳುವ ಪ್ರಯೋಗಾಲಯಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

2006ರ ಆಗಸ್ಟ್‌ನಲ್ಲಿ ಪ್ರಕಟವಾದ ಆ ಪ್ರಬಂಧಕ್ಕೆ ಇಬ್ಬರೇ ಲೇಖಕರು, ತಕಹಾಶಿ ಮತ್ತು ಯಮನಕ. ಇಲಿಗಳ ಕೆಲಸ ನೋಡಿಕೊಂಡ ಇಚಿಸಾಕ ಅವರ ಹೆಸರು ಲೇಖಕರ ಸಾಲಿನಲ್ಲಿ ಇಲ್ಲ. ಮರುವರ್ಷ ಚಿತ್ರ ಬದಲಾಯಿತು. ಹೀಗೆ ಹಿಂದಕ್ಕೆ ತಿರುಗಿಸಿದ ಕೋಶಗಳು ಮುಂದಿನ ಪೀಳಿಗೆಯ ಇಲಿಗಳಾಗಿಯೂ ಹುಟ್ಟಬಲ್ಲವು ಎಂದು ತೋರಿಸಿದ 2007ರ ಪ್ರಬಂಧದಲ್ಲಿ ಮೂರೇ ಹೆಸರುಗಳಿವೆ, ನಡುವಿನದು ಇಚಿಸಾಕ ಅವರದು. ಅದೇ ವರ್ಷ ಮನುಷ್ಯನ ಚರ್ಮದ ಕೋಶಗಳಲ್ಲಿ ಈ ಕೆಲಸ ಸಾಧಿಸಿದ ಪ್ರಬಂಧದ ಏಳು ಲೇಖಕರಲ್ಲಿಯೂ ಅವರಿದ್ದಾರೆ. ಲೇಖಕರ ಸಾಲು ಎಂಬುದು ಮರ್ಯಾದೆಯ ಜೊತೆಗೆ ಅನ್ನದ ಪ್ರಶ್ನೆಯೂ ಹೌದು. ಮುಂದಿನ ಕೆಲಸ ಕೇಳಲು ಹೋದಾಗ ತೋರಿಸಲು ಬೇರೇನೂ ಇರುವುದಿಲ್ಲ. ಕೈಯಿಂದ ಮಾಡಿದ ಕೆಲಸಕ್ಕೆ ಕೊನೆಯ ಪುಟದ ಕೃತಜ್ಞತೆ ಸಾಕು ಎಂಬ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಹೆಸರಿನ ಮಾತು ಬಂದಾಗಲೆಲ್ಲ 1951ರ ಬಾಲ್ಟಿಮೋರ್ ನೆನಪಾಗುತ್ತದೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಗೆಡ್ಡೆಯ ತುಣುಕನ್ನು ಹೆಚ್ಚಿ ಟ್ಯೂಬುಗಳಿಗೆ ಹಾಕಿ, ರೂಢಿಯಂತೆ ರೋಗಿಯ ಹೆಸರಿನ ಮೊದಲಕ್ಷರಗಳಿಂದ ‘ಹೀಲಾ’ ಎಂದು ಗುರುತು ಬರೆದವರು ಸಹಾಯಕಿ ಮೇರಿ ಕುಬಿಚೆಕ್. ಮನುಷ್ಯರ ಕೋಶ ಹೊರಗೆ ನಿರಂತರವಾಗಿ ಬೆಳೆದದ್ದು ಅದೇ ಮೊದಲು. ಕೋಶಗಳ ಒಡತಿ ಹೆನ್ರಿಯೆಟಾ ಲ್ಯಾಕ್ಸ್, ಐದು ಮಕ್ಕಳ ತಾಯಿ, ಕಪ್ಪು ಜನಾಂಗದ ಬಡ ಹೆಣ್ಣುಮಗಳು. ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ವರ್ಷವೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳ ಇನ್‌ಕ್ಯುಬೇಟರ್‌ಗಳಲ್ಲಿ ಆ ಕೋಶಗಳು ಇಂದಿಗೂ ಇಮ್ಮಡಿಯಾಗುತ್ತಲೇ ಇವೆ. ಪ್ರಯೋಗಾಲಯದ ಮಂದಿಯನ್ನು ಎಣಿಸುವಾಗ ಕೋಶ ಕೊಟ್ಟವರನ್ನೂ ಎಣಿಸಬೇಕು.

ನಮ್ಮ ಅಕ್ಕ ಪ್ರಾಜೆಕ್ಟ್ ಅಸಿಸ್ಟೆಂಟ್ ಎಂಬ ಹುದ್ದೆಯಲ್ಲಿದ್ದರು. ಅನುದಾನ ಇರುವಷ್ಟು ದಿನ ಕೆಲಸ. ಪ್ರತಿ ಮಾರ್ಚ್ ತಿಂಗಳಲ್ಲಿ ಮುಂದುವರಿಕೆಯ ಪತ್ರಕ್ಕಾಗಿ ಕಾಯುತ್ತಿದ್ದರು. ಒಂದು ವರ್ಷ ಪತ್ರ ಬರಲಿಲ್ಲ. ಹೋಗುವ ಮುನ್ನ ಒಂದು ವಾರ ಕುಳಿತು, ಪೀಪಾಯಿಯಲ್ಲಿದ್ದ ಪ್ರತಿಯೊಂದು ಟ್ಯೂಬಿನ ಜಾಗವನ್ನೂ ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ದುಂಡಗೆ ಬರೆದಿಟ್ಟರು. ಅವರು ಹೋದ ಮೇಲೆ ನರಕೋಶಗಳನ್ನು ಮತ್ತೆ ಸರಿಯಾಗಿ ಬೆಳೆಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಕೋಶಗಳು ಎಲ್ಲಿವೆ ಎಂಬುದು ಪುಸ್ತಕದಲ್ಲಿತ್ತು. ಟ್ಯೂಬನ್ನು ಬೆಚ್ಚಗಿನ ನೀರಿನಲ್ಲಿ ಎಷ್ಟು ಹೊತ್ತು ಆಡಿಸಬೇಕು, ಮಂಜಿನ ಹರಳು ಎಷ್ಟು ಉಳಿದಿರುವಾಗ ಹೊರಗೆ ತೆಗೆಯಬೇಕು ಎಂಬುದು ಅವರ ಬೆರಳುಗಳಲ್ಲಿತ್ತು.

ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಯಮನಕರು ಮುನ್ನಡೆಸಿದ ಸಂಶೋಧನಾ ಕೇಂದ್ರದಲ್ಲಿಯೂ ಹೆಚ್ಚಿನವರು ಅವಧಿ ಮುಗಿದರೆ ಮನೆಗೆ ಹೋಗಬೇಕಾದ ಗುತ್ತಿಗೆಯವರೇ ಆಗಿದ್ದರು. ಸರ್ಕಾರದ ಅನುದಾನ ಪ್ರಯೋಗಕ್ಕೆ ಸಿಗುತ್ತಿತ್ತು, ಜನರನ್ನು ಕಾಯಂ ಆಗಿ ಉಳಿಸಿಕೊಳ್ಳಲು ಸಿಗುತ್ತಿರಲಿಲ್ಲ. 2012ರ ಮಾರ್ಚ್ 11ರಂದು ನಡೆದ ಮೊದಲ ಕ್ಯೋಟೊ ಮ್ಯಾರಥಾನ್‌ನಲ್ಲಿ ಅವರು ಕೇಂದ್ರಕ್ಕಾಗಿ ಸಾರ್ವಜನಿಕರಿಂದ ದೇಣಿಗೆ ಕೇಳುತ್ತ 42 ಕಿಲೋಮೀಟರ್ ಓಡಿ ಮುಗಿಸಿದರು. ತಮ್ಮ ಜೊತೆಗಾರರ ಕೆಲಸ ಭದ್ರವಾಗಬೇಕು ಎಂಬುದೇ ಅವರ ಬೇಡಿಕೆಯಾಗಿತ್ತು. ಏಳು ತಿಂಗಳ ಅನಂತರ, ಮನೆಯಲ್ಲಿ ವಾಷಿಂಗ್ ಮೆಷಿನ್ ಸರಿಪಡಿಸುತ್ತಿದ್ದಾಗ ಸ್ಟಾಕ್‌ಹೋಮ್‌ನಿಂದ ಫೋನ್ ಬಂತು. ಪ್ರಶಸ್ತಿ ಬಂದ ಮೇಲೂ ಅವರು ಓಟ ನಿಲ್ಲಿಸಲಿಲ್ಲ, ದೇಣಿಗೆ ಕೇಳುವುದನ್ನೂ ಬಿಡಲಿಲ್ಲ.