ಹತ್ತೋಕೆ ಎರಡು ಗಂಟೆ ಅಂದ್ರೆ ಇಳಿಯೋಕೆ ಒಂದೇ ಗಂಟೆ ಸಾಕಲ್ವಾ?

ಪ್ರಶ್ನೆ: ಊರಾಚೆ ಒಂದು ಬೆಟ್ಟಕ್ಕೆ ಹೋಗಬೇಕು ಅಂತಿದ್ದೇವೆ. ಹೋಗಿ ಬರೋಕೆ ಒಟ್ಟು 6 ಕಿಲೋಮೀಟರ್, ಏರು 450 ಮೀಟರ್. ಮೊದಲ ಒಂದು ಕಿಲೋಮೀಟರ್ ಸಪಾಟು, ಆಮೇಲೆ ತುದಿವರೆಗೂ ಏರೇ. ಭಾನುವಾರ ಊಟ ಮುಗಿಸಿ 2 ಗಂಟೆಗೆ ಹತ್ತೋಕೆ ಶುರು ಮಾಡಿದರೆ ಕತ್ತಲಾಗೋದರೊಳಗೆ ವಾಪಸ್ ಬರಬಹುದಾ? ಇಳಿಯೋಕೆ ಹೇಗೂ ಅರ್ಧ ಹೊತ್ತು ಸಾಕು.

ಬೇಡ, ಬೆಳಿಗ್ಗೆ ಹೋಗಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಇನ್ನೊಂದು ಬೆಟ್ಟದ ಹೆಸರಲ್ಲಿ ಬರುತ್ತದೆ. ಬೆಟ್ಟ ಬದಲಾಗುತ್ತದೆ, ಕಿಲೋಮೀಟರ್ ಬದಲಾಗುತ್ತದೆ, ಆ ಕೊನೆಯ ಸಾಲು ಮಾತ್ರ ಅಲ್ಲಾಡುವುದಿಲ್ಲ. ಹಾಗಾಗಿ ಈ ಸಲ ಕೂತು ಲೆಕ್ಕ ಹಾಕೋಣ.

ಪಾರ್ಕಿನಲ್ಲಿ 6 ಕಿಲೋಮೀಟರ್ ನಡೆಯೋಕೆ ನಿಮಗೆ ಒಂದೂಕಾಲು ಗಂಟೆ ಬೇಕು. ಬೆಟ್ಟಕ್ಕೂ ಅದೇ ಲೆಕ್ಕ ಹಿಡಿದಿದ್ದೀರಿ, ಸ್ವಲ್ಪ ಜಾಸ್ತಿ ಸೇರಿಸಿದ್ದೀರಿ. ಇದಕ್ಕೆ ಹಳೆಯ ಸೂತ್ರವೇ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ್ದು: 3 ಮೈಲಿಗೆ ಒಂದು ಗಂಟೆ, ಜೊತೆಗೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಗೆ ತಂದರೆ 5 ಕಿಲೋಮೀಟರಿಗೆ ಒಂದು ಗಂಟೆ, 10 ಮೀಟರ್ ಏರಿಗೆ ಒಂದು ನಿಮಿಷ. ನಿಮ್ಮ ಬೆಟ್ಟ ಹತ್ತೋಕೆ 3 ಕಿಲೋಮೀಟರ್ ದೂರಕ್ಕೆ 36 ನಿಮಿಷ, 450 ಮೀಟರ್ ಏರಿಗೆ ಇನ್ನೂ 45 ನಿಮಿಷ. ಒಟ್ಟು 81.

ಇಳಿಯುವುದರ ಬಗ್ಗೆ ನೈಸ್ಮಿತ್ ಸುಮ್ಮನಿದ್ದರು. ಆಮೇಲೆ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮುಯಿರ್ ಅದನ್ನು ತಿದ್ದಿದರು. 5ರಿಂದ 12 ಡಿಗ್ರಿ ಇಳಿಜಾರಿದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ. 12 ಡಿಗ್ರಿ ದಾಟಿದರೆ 10 ನಿಮಿಷ ಕೂಡಿಸಿ. ಕಳೆಯೋದಲ್ಲ, ಕೂಡಿಸೋದು! ಎರಡು ಕಿಲೋಮೀಟರಿನಲ್ಲಿ 450 ಮೀಟರ್ ಅಂದರೆ ನಿಮ್ಮ ದಾರಿ ಹತ್ತಿರ ಹತ್ತಿರ 13 ಡಿಗ್ರಿ. ಅಲ್ಲಿಗೆ ಇಳಿಯೋಕೆ ದೂರಕ್ಕೆ 36, ಇಳಿತಕ್ಕೆ 15, ಒಟ್ಟು 51 ನಿಮಿಷ. 81ರ ಅರ್ಧ 51 ಅಲ್ಲ.

"ಹತ್ತು ನಿಮಿಷದ ವ್ಯತ್ಯಾಸಕ್ಕೆ ಇಷ್ಟು ಗಲಾಟೆನಾ?" ಅಂತೀರಿ, ಗೊತ್ತು. ಇದು ದಿನಾ ಬೆಟ್ಟದಲ್ಲಿ ಓಡಾಡುವವರ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕೂತವರು ಇಳಿಯೋಕೆ ಹತ್ತಿದಷ್ಟೇ ಹೊತ್ತು ತೆಗೆದುಕೊಳ್ಳುವುದು ತೀರಾ ಮಾಮೂಲಿ. ಗುಂಪಿನಲ್ಲಿ ಒಬ್ಬರಿಗೆ ಇಳಿಜಾರಿನ ಭಯ ಇದ್ದರೆ ಹತ್ತಿದ್ದಕ್ಕಿಂತ ಜಾಸ್ತಿಯೂ ಆಗುತ್ತದೆ. ಹೀಗೆ ಅಂದಾಗಲೆಲ್ಲ ಯಾರಾದರೂ "ಇಲ್ಲ ಸಾರ್, ಇಳಿಯೋದು ಸುಲಭ, ಉಸಿರೇ ಕಟ್ಟಲ್ಲ" ಅನ್ನುತ್ತಾರೆ.

ಈ ನಂಬಿಕೆಯ ಬೇರು ಇರೋದೇ ಅಲ್ಲಿ. ಹತ್ತುವಾಗ ಮೈಭಾರವನ್ನು ಮೇಲಕ್ಕೆ ಎತ್ತಬೇಕು. ಅದಕ್ಕೆ ಶಕ್ತಿ ಜಾಸ್ತಿ ಬೇಕು, ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಕಷ್ಟ ಆಗ್ತಿದೆ ಅಂತ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಇಳಿಯುವಾಗ ಉಸಿರು ಆರಾಮಾಗಿರುತ್ತದೆ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ನಿಮ್ಮ ಭಾರವನ್ನು ತಡೆದು ನಿಲ್ಲಿಸುತ್ತಿರುತ್ತದೆ. ಆ ಸ್ನಾಯು ಬಿಗಿಯಾಗಿರುವಾಗಲೇ ಹಿಗ್ಗುತ್ತಲೂ ಇರುತ್ತದೆ. ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು ಇಂಥ ಕೆಲಸದಲ್ಲೇ. ನೋವು ಮಾತ್ರ ಆಗಲೇ ಬರುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಸೋಮವಾರ ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುತ್ತೀರಲ್ಲ, ಆಗ "ಅಬ್ಬಾ, ಎಷ್ಟು ಹತ್ತಿದ್ವಿ" ಅನ್ನುತ್ತೀರಿ. ಅದು ಬಹುಪಾಲು ಇಳಿದ ನೋವು. ಹತ್ತಿದ್ದಕ್ಕೆ ಸುಮ್ನೆ ಕೆಟ್ಟ ಹೆಸರು.

ತೊಡೆ ದಣಿದಾಗ ಇನ್ನೊಂದು ತಮಾಷೆ ನಡೆಯುತ್ತದೆ. ಕಡಿದಾದ ಜಾಗ ಬಂದ ತಕ್ಷಣ ಜನ ಹಿಂದಕ್ಕೆ ವಾಲಿ ಹಿಮ್ಮಡಿ ಊರುತ್ತಾರೆ. ಬಂಡೆ ಮೇಲೆ ಉದುರು ಜಲ್ಲಿ ಇದ್ದರೆ ಅದು ಕಾಲಡಿ ಗೋಲಿ ಚೆಲ್ಲಿದಂತೆ ಉರುಳುತ್ತದೆ, ಇವರು ಕೂತಲ್ಲೇ ಜಾರುತ್ತಾರೆ. ಮಂಡಿ ತುಸು ಬಗ್ಗಿಸಿ, ಭಾರವನ್ನು ಪಾದದ ಮೇಲೇ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆ ಹಾಕಬೇಕು. ಚಿಕ್ಕ ಹೆಜ್ಜೆ ಅಂದರೆ ಹೊತ್ತು ಜಾಸ್ತಿ. ಮತ್ತೆ ಅದೇ ಲೆಕ್ಕ.

ಹಾಗಂತ ಇಳಿಜಾರು ಯಾವಾಗಲೂ ನಿಧಾನ ಅಂತಲ್ಲ. ಭೂಗೋಳಜ್ಞ ವಾಲ್ಡೊ ಟೋಬ್ಲರ್ 1993ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಮನುಷ್ಯ ಅತಿ ವೇಗವಾಗಿ ನಡೆಯುವುದು 100 ಮೀಟರಿಗೆ 5 ಮೀಟರ್ ಇಳಿಯುವ ದಾರಿಯಲ್ಲಿ, ಗಂಟೆಗೆ 6 ಕಿಲೋಮೀಟರ್. 10 ಮೀಟರ್ ಇಳಿತವಾದರೆ ಸಪಾಟು ದಾರಿಯ ವೇಗಕ್ಕೇ ವಾಪಸ್. ಅದಕ್ಕಿಂತ ಕಡಿದಾದರೆ ಸಪಾಟಿಗಿಂತಲೂ ನಿಧಾನ. "ಅರ್ಧ ಹೊತ್ತು" ಅನ್ನುವವರು ಮನಸ್ಸಲ್ಲಿ ಇಟ್ಟುಕೊಂಡಿರೋದು ಆ ಮೆಲ್ಲನೆಯ ಇಳಿಜಾರನ್ನು. ಹೋಗೋದು ಬೇರೆ ಕಡೆ.

ಈಗ ನಿಮ್ಮ ಭಾನುವಾರ. 81 ಮತ್ತು 51 ಸೇರಿ 2 ಗಂಟೆ 12 ನಿಮಿಷ. ಇದರಲ್ಲಿ ನೀರು ಕುಡಿಯೋದು, ಫೋಟೊ, ದಾರಿ ತಪ್ಪಿ ಹತ್ತು ಹೆಜ್ಜೆ ವಾಪಸ್ ಬರೋದು ಯಾವುದೂ ಇಲ್ಲ. ಹೊಸಬರಿಗೆ ಒಂದೂವರೆ ಪಟ್ಟು ಹಿಡಿಯಿರಿ, 3 ಗಂಟೆ 20 ನಿಮಿಷ ಆಯಿತು. ತುದಿಯಲ್ಲಿ ಕೂರೋಕೆ ಒಂದು ಗಂಟೆ ಬೇಡವೇ? 2ಕ್ಕೆ ಹೊರಟರೆ 6.20. ಅದೂ 2ಕ್ಕೇ ಹೊರಟರೆ! ನಗರದ ಟ್ರಾಫಿಕ್ ದಾಟಿ, ಎಲ್ಲರೂ ಬಂದು ಸೇರುವ ಹೊತ್ತಿಗೆ 3 ಆಗಿರುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಕಾಣುವಷ್ಟು ಬೆಳಕು ಉಷ್ಣವಲಯದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಇರುತ್ತದೆ ಅಷ್ಟೇ. ಮರಗಳ ಕೆಳಗೆ ಅದೂ ಇಲ್ಲ. ಮಧ್ಯಾಹ್ನವೇ ಹೋಗಲೇಬೇಕು ಅಂದರೆ ಹಿಂದಿನಿಂದ ಲೆಕ್ಕ ಹಾಕಿ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮುಂಚೆ ಎಲ್ಲಿದ್ದರೂ ತಿರುಗಿ, ತುದಿ ಹತ್ತು ನಿಮಿಷ ದೂರ ಇದ್ದರೂ ಸರಿ. ಬ್ಯಾಗಲ್ಲಿ ತಲೆಗೆ ಕಟ್ಟುವ ಟಾರ್ಚ್ ಇರಲಿ. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಇಳಿಯುವಾಗ ಎರಡೂ ಕೈ ಬೇಕು.

ತಯಾರಿ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫಿಟ್‌ನೆಸ್‌ಗೆ ಅಂತ ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿ ಲಿಫ್ಟಲ್ಲಿ ಇಳಿಯುವವರೇ ಎಲ್ಲ. ಅದನ್ನು ಉಲ್ಟಾ ಮಾಡಿ. ಲಿಫ್ಟಲ್ಲಿ ಹೋಗಿ, ಮೆಟ್ಟಿಲಲ್ಲಿ ಇಳಿಯಿರಿ. ಇಳಿಯುವ ಕೆಲಸಕ್ಕೆ ಸ್ನಾಯು ಬೇಗ ಒಗ್ಗುತ್ತದೆ. ಒಂದು ಸಲ ಚೆನ್ನಾಗಿ ನೊಂದ ತೊಡೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹೊರಡುವ ಎರಡು ದಿನ ಮುಂಚೆ ಮಾತ್ರ ಬೇಡ, ನೋವು ಜೊತೆಗೇ ಬಂದುಬಿಡುತ್ತದೆ.

ಇನ್ನು ಉಗುರು. ಇಳಿದು ಬಂದ ಮೇಲೆ ಹೆಬ್ಬೆರಳಿನ ಉಗುರು ಕಪ್ಪಾಗಿದ್ದರೆ ಎಲ್ಲರೂ ಶೂ ಬೈಯುತ್ತಾರೆ. ಬಹಳ ಸಲ ತಪ್ಪು ಲೇಸಿನದು. ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಬೆರಳು ಶೂ ಮೂತಿಗೆ ಗುದ್ದುತ್ತಲೇ ಇರುತ್ತದೆ. ನಿಮ್ಮ ಶೂನಲ್ಲಿ ಎಲ್ಲಕ್ಕಿಂತ ಮೇಲೆ, ತುಸು ಹಿಂದಕ್ಕೆ, ಯಾರೂ ಬಳಸದ ಒಂದು ಜೋಡಿ ತೂತು ಇರಬಹುದು, ನೋಡಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ತೂರಿಸಿ, ಎರಡೂ ಕಡೆ ಒಂದೊಂದು ಚಿಕ್ಕ ಕುಣಿಕೆ ಉಳಿಸಿ. ಬಲದ ಲೇಸು ಎಡದ ಕುಣಿಕೆಯೊಳಗೆ, ಎಡದ್ದು ಬಲದ ಕುಣಿಕೆಯೊಳಗೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿಕೊಂಡು ಎಳೆಯಿರಿ, ಆಮೇಲೆ ಮಾಮೂಲಿ ಗಂಟು. ಹತ್ತುವಾಗ ಇಷ್ಟು ಬಿಗಿ ಬೇಡ. ತುದಿಯಲ್ಲಿ ಕೂತಾಗ ಬಿಚ್ಚಿ, ಇಳಿಯೋಕೆ ಏಳುವ ಮುಂಚೆ ಕಟ್ಟಿಕೊಳ್ಳಿ.