ಮೊದಲೇ ಬಿದ್ದ ಟಿಕ್ ಗುರುತು

1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಕ್ಷೇತ್ರದ ಕಣದಲ್ಲಿ 456 ಅಭ್ಯರ್ಥಿಗಳಿದ್ದರು. ಅಷ್ಟು ಹೆಸರು, ಅಷ್ಟು ಚಿಹ್ನೆ! ಅದೇ ವರ್ಷ ಕಾಯ್ದೆ ತಿದ್ದಿ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು. ಜನ ಮಾತಾಡುವುದು ಇದರ ಬಗ್ಗೆಯೇ. ನಮೂನೆ ವಿನ್ಯಾಸ ಮಾಡುವ ನನಗೆ ಇನ್ನೊಂದು ತಿದ್ದುಪಡಿ ದೊಡ್ಡದು. ಮತಪತ್ರದಲ್ಲಿ ಹೆಸರುಗಳ ಕ್ರಮ ಬದಲಾಯಿತು. ಮಾನ್ಯತೆ ಪಡೆದ ಪಕ್ಷದವರು ಮೇಲೆ, ನೋಂದಾಯಿತ ಪಕ್ಷದವರು ಆಮೇಲೆ, ಪಕ್ಷೇತರರು ಕೊನೆಗೆ. ಅಕ್ಷರಮಾಲೆ ಕ್ರಮ ಆಯಾ ಗುಂಪಿನೊಳಗೆ ಮಾತ್ರ. ಕಣ್ಣು ಮೊದಲು ಯಾರನ್ನು ಕಾಣಬೇಕು ಅನ್ನುವುದು ಮತದಾರ ಬರುವ ಮೊದಲೇ ತೀರ್ಮಾನವಾಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಜಿಲ್ಲೆಯ ಒಂದು ಸಾಲ ಸಂಸ್ಥೆಯ ಅರ್ಜಿ ನನ್ನ ಕೈಗೆ ಬಂತು. ‘ವಿಮೆ ಬೇಕು’ ಅನ್ನುವ ಚೌಕದಲ್ಲಿ ಟಿಕ್ ಮೊದಲೇ ಅಚ್ಚಾಗಿತ್ತು. ಬೇಡ ಅನ್ನುವವರು ಹಿಂಬದಿಯ ಸಣ್ಣಕ್ಷರ ಓದಿ, ಬೇರೆ ಚೀಟಿ ಬರೆದುಕೊಡಬೇಕು. ‘ಎಲ್ಲರೂ ಒಪ್ಪಿಯೇ ಸಹಿ ಹಾಕ್ಯಾರ್ರಿ’ ಎಂದರು ಅಲ್ಲಿಯವರು.

ನಾನು ಎರಡು ದಿನ ಕೌಂಟರ್ ಪಕ್ಕ ಕುಳಿತೆ. ಬಂದ ರೈತರು ಕೇಳುತ್ತಿದ್ದದ್ದು ಒಂದೇ: ‘ಸಹಿ ಎಲ್ಲಿ ಮಾಡ್ಲಿರಿ?’ ಗುಮಾಸ್ತರ ಬೆರಳು ತೋರಿಸಿದಲ್ಲಿ ಪೆನ್ನು ಇಳಿಯುತ್ತಿತ್ತು. ಇದನ್ನು ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಓದು ಬರಹ ಇಲ್ಲದವರಿಗಷ್ಟೇ ಹೀಗಾಗುತ್ತದೆ ಅಂದುಕೊಳ್ಳಬೇಡಿ. ಅಂಗಾಂಗ ದಾನದ ಒಪ್ಪಿಗೆ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಜರ್ಮನಿಯಲ್ಲಿ ಒಪ್ಪಿದವರು ಶೇ. 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99ಕ್ಕೂ ಜಾಸ್ತಿ. ಎರಡೂ ಕಡೆ ಜರ್ಮನ್ ಭಾಷೆಯೇ. ಜರ್ಮನಿಯಲ್ಲಿ ದಾನಕ್ಕೆ ‘ಹೂಂ’ ಎಂದು ಬರೆದುಕೊಡಬೇಕಿತ್ತು, ಆಸ್ಟ್ರಿಯಾದಲ್ಲಿ ಬೇಡದವರು ‘ಬೇಡ’ ಎಂದು ಹೇಳಬೇಕಿತ್ತು. (ಇದು ದಾಖಲೆಯಲ್ಲಿನ ಒಪ್ಪಿಗೆಯ ಲೆಕ್ಕ, ನಿಜವಾಗಿ ನಡೆದ ದಾನದ್ದಲ್ಲ.) ಸುಮ್ನೆ ಬಿಟ್ಟರೆ ಏನಾಗುತ್ತದೋ, ಹೆಚ್ಚಿನವರ ಪಾಲಿಗೆ ಅದೇ ತೀರ್ಮಾನ.

ಹೊಸ ನಮೂನೆಯಲ್ಲಿ ಒಂದೇ ಅಳತೆಯ ಎರಡು ಖಾಲಿ ಚೌಕ ಇಟ್ಟೆ: ಬೇಕು, ಬೇಡ. ಪಕ್ಕದಲ್ಲೇ ವಿಮೆಯ ಕಂತು ರೂಪಾಯಿಯಲ್ಲಿ, ದಪ್ಪಕ್ಷರದಲ್ಲಿ. ಸಹಿಯ ಜಾಗ ಅದರ ಕೆಳಗೆ. ಆಮೇಲೆ ಪೆನ್ನು ಅಲ್ಲಿ ನಿಲ್ಲತೊಡಗಿತು. ‘ಇದಕ್ಕೆಷ್ಟು ರೊಕ್ಕ ಹಿಡಿತೀರಿ?’ ಎಂದು ಜನ ಕೇಳಿದರು. ಕೆಲವರು ವಿಮೆ ಮಾಡಿಸಿದರು, ಕೆಲವರು ಬಿಟ್ಟರು. ಕೌಂಟರ್ ನಿಧಾನವಾಯಿತು ಎಂಬ ದೂರು ಬಂತು. ನಿಜ, ನಿಧಾನವಾಯಿತು. ಸಾಲದ ಕಾಗದದ ಮುಂದೆ ಮನುಷ್ಯ ಎರಡು ನಿಮಿಷ ನಿಂತರೆ ತಪ್ಪೇನು?

ಆದರೂ ಆ ನಮೂನೆಯಲ್ಲಿ ‘ಬೇಕು’ ಮೊದಲು ಬರುತ್ತದೆ. ಯಾವುದೋ ಒಂದು ಮೊದಲು ಬರಲೇಬೇಕಲ್ವಾ? ಮುಂದಿನ ಅಚ್ಚಿನಲ್ಲಿ ಅರ್ಧ ಕಟ್ಟುಗಳಿಗೆ ‘ಬೇಡ’ವನ್ನು ಮೊದಲು ಹಾಕೋಣ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.